ಬಲಗಡೆಯ ಸಾಲು

ಮನೆಯಲ್ಲಿ ಅವಳಿಗೆ ‘ಏನಮ್ಮ’ ಎಂದೇ ಹೆಸರು. ಚಿಕ್ಕಂದಿನಲ್ಲಿ ಜ್ವರ ಬಂದು ಎಡಗಿವಿ ಮಂದವಾದ ಮೇಲೆ, ಯಾರು ಏನೇ ಹೇಳಲಿ, ಅವಳ ಬಾಯಿಂದ ಮೊದಲು ಹೊರಡುತ್ತಿದ್ದದ್ದು “ಏನು?” ಎಂಬ ಮಾತು. ಹಾಸಿಗೆ ಹೊಲಿಯುವ ಅವಳ ಅಪ್ಪ ಅದನ್ನೇ ಹಿಡಿದುಕೊಂಡು “ಏನಮ್ಮ, ಬಾ ಇಲ್ಲಿ” ಎಂದು ಕರೆಯತೊಡಗಿದ. ಹಾಗೆಂದು ಮಗಳ ಕಿವಿಯ ಬಗ್ಗೆ ಅವನಿಗೆ ಕೊರಗೇನೂ ಇರಲಿಲ್ಲ. “ಬೇರೆಯವ್ರು ಒಂದು ಕಿವೀಲಿ ಕೇಳಿ ಇನ್ನೊಂದು ಕಿವೀಲಿ ಬಿಡ್ತಾರೆ. ಇವಳಿಗೆ ಬಿಡೋಕೆ ಇನ್ನೊಂದು ಕಿವಿ ಎಲ್ಲಿದೆ? ಒಳಗೆ ಹೋದದ್ದು ಅಲ್ಲೇ ಉಳಿಯುತ್ತೆ” ಎಂದು ಅಂಗಡಿಗೆ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದ.

ಶಾಲೆಯುದ್ದಕ್ಕೂ ಅವಳು ಮೊದಲ ಬೆಂಚಿನ ಹುಡುಗಿ. ಪ್ರತಿ ವರ್ಷ ಹೊಸ ಟೀಚರು ಬಂದಾಗ ಹಳೆಯ ಟೀಚರು ಅವರ ಬಳಿ ಪಿಸುಗುಟ್ಟುವುದು, ಅವರು ಇವಳ ಕಡೆ ತಿರುಗಿ ಮುಖ ಸಣ್ಣದು ಮಾಡಿಕೊಳ್ಳುವುದು, ಆಮೇಲೆ ಇವಳೊಬ್ಬಳಿಗೇ ಕೂಗಿ ಕೂಗಿ ಪಾಠ ಹೇಳುವುದು. ಅದು ಸಾಕುಸಾಕಾಗಿ, ಬಿ.ಎಸ್ಸಿ.ಗೆ ಸೇರಿದ ಮೇಲೆ ಅವಳು ಕಿವಿಯ ವಿಷಯ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ತರಗತಿಯ ಎಡತುದಿಯಲ್ಲಿ ಗೋಡೆಗೆ ಒತ್ತಿಕೊಂಡು ಕೂರುತ್ತಿದ್ದಳು. ಆಗ ಕೇಳುವ ಬಲಗಿವಿ ಪಾಠದ ಕಡೆಗಿರುತ್ತಿತ್ತು, ಕೇಳದ ಕಿವಿ ಗೋಡೆಗೆ.

ಎರಡನೆಯ ವರ್ಷ ಅವರ ತರಗತಿ ದೊಡ್ಡ ಹಾಲಿಗೆ ಬದಲಾಯಿತು. ಯಾವ ಕಾಲದಲ್ಲೋ ಗೋದಾಮಾಗಿದ್ದ ಕಟ್ಟಡ. ಎತ್ತರದ ತಗಡಿನ ಮಾಡು, ಬರಿಯ ಗೋಡೆ, ಕಲ್ಲಿನ ನೆಲ. ಅಲ್ಲಿ ಪಾಠ ಬಾವಿಯೊಳಗಿಂದ ಯಾರೋ ಕರೆದಂತೆ ಕೇಳುತ್ತಿತ್ತು. ಇದ್ದೊಂದು ಕಿವಿಯೂ ಕೈಕೊಟ್ಟಿತೆಂದು ಅವಳು ಹೆದರಿದಳು. ದಿನಾ ತಲೆನೋವು ಹೊತ್ತುಕೊಂಡು ಮನೆಗೆ ಹೋಗುತ್ತಿದ್ದಳು. ಒಂದು ದಿನ ಮೇಷ್ಟ್ರು ಪರೀಕ್ಷೆಯ ವಿಷಯ ಏನೋ ಹೇಳಿದರು. ಕೇಳದೆ ವಿಧಿಯಿರಲಿಲ್ಲ. ಪಕ್ಕದ ಗೆಳತಿಯ ಕಡೆ ಬಾಗಿದಳು. ಮೊಣಕಾಲಿಗೆ ಬಡಿಯುವ ಜಡೆಯಿದ್ದ ಆ ಹುಡುಗಿಯನ್ನು ಎಲ್ಲರೂ ಉದ್ದಜಡೆ ಎನ್ನುತ್ತಿದ್ದರು.

“ಏನಂದ್ರು ಅವ್ರು?”

“ನನ್ನ ಕೇಳ್ತೀಯಾ?” ಎಂದಳು ಉದ್ದಜಡೆ. “ಈ ಹಾಲಿಗೆ ಬಂದಾಗಿಂದ ನಾನು ಅವ್ರ ತುಟಿ ನೋಡ್ಕೊಂಡು ಬರೀತಿದ್ದೀನಿ. ಹಿಂದಿನವ್ರ ಪಾಡು ಕೇಳು, ಅವ್ರಿಗೆ ತುಟೀನೂ ಕಾಣಲ್ಲ.”

ಏನಮ್ಮನಿಗೆ ಮೊದಲು ಹೋದ ಜೀವ ಬಂದಂತಾಯಿತು, ಆಮೇಲೆ ಸಿಟ್ಟು ಬಂತು. ಇಷ್ಟು ದಿನ ಹಾಲಿನ ತಪ್ಪನ್ನು ತನ್ನ ಕಿವಿಯ ತಲೆಗೆ ಕಟ್ಟಿದ್ದಳಲ್ಲ. ಅದೇ ಸಿಟ್ಟಿನಲ್ಲಿ ಭೌತಶಾಸ್ತ್ರದ ಮೇಡಂ ಕೋಣೆಗೆ ಹೋದಳು. ಕನ್ನಡಕವನ್ನು ತಲೆಯ ಮೇಲೇ ಇಟ್ಟುಕೊಂಡು ಮೇಜಿನ ತುಂಬ ಅದನ್ನು ಹುಡುಕುವ ಮನುಷ್ಯರು ಅವರು.

“ಮೇಡಂ, ಆ ಹಾಲಲ್ಲಿ ಮಾತು ಯಾಕೆ ಕೇಳ್ಸಲ್ಲ?”

“ಗೋಡೆಗೆ ತಾಗಿ ವಾಪಸ್ ಬರ್ತಿರಬೇಕು. ಆದ್ರೆ ಎಲ್ಲಿ, ಎಷ್ಟು ಅಂತ ನಂಗೂ ಗೊತ್ತಿಲ್ಲ. ನೋಡೋಣ್ವಾ?”

ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದ ಗುರುಗಳನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದೇ ಅನುಮಾನವಾಯಿತು.

ಕೆಲಸ ಬಲೂನಿನಿಂದ ಶುರುವಾಯಿತು. ಪಾಠ ಹೇಳುವ ಜಾಗದಲ್ಲಿ ನಿಂತು ಬಲೂನು ಒಡೆಯುವುದು, ಬೇರೆಬೇರೆ ಬೆಂಚಿನ ಮೇಲೆ ಫೋನಿಟ್ಟು ಆ ಸದ್ದು ಹಿಡಿಯುವುದು, ಅದು ಸಾಯಲು ಎಷ್ಟು ಹೊತ್ತು ಬೇಕೆಂದು ಕಂಪ್ಯೂಟರಿನಲ್ಲಿ ನೋಡುವುದು. “ಇದೇನು ಕಾಲೇಜೋ, ಹುಟ್ಟುಹಬ್ಬದ ಮನೆಯೋ” ಎಂದು ಗೊಣಗುತ್ತಲೇ ಅಟೆಂಡರ್ ಬಾಗಿಲು ತೆಗೆದುಕೊಡುತ್ತಿದ್ದ. ಸದ್ದು ಹಿಂದಿನ ಗೋಡೆಗೆ ಬಡಿದು ಮರಳಿ ಬಂದು, ಹೊಸ ಮಾತಿನ ಮೇಲೆ ಹಳೆಯ ಮಾತು ಸವಾರಿ ಮಾಡುತ್ತಿತ್ತು. ಎಡಗಡೆಯಲ್ಲಾಗಲಿ ಬಲಗಡೆಯಲ್ಲಾಗಲಿ ಅದರ ಕಾಟ ಒಂದೇ ಸಮನಾಗಿತ್ತು.

“ಯಂತ್ರ ಹೇಳಿದ್ದಾಯ್ತು. ಈಗ ಮನುಷ್ಯರನ್ನ ಕೇಳೋಣ” ಎಂದರು ಮೇಡಂ. ಉದ್ದಜಡೆ ಮುಂದೆ ನಿಂತು ಪದಗಳನ್ನು ಓದಬೇಕು: ಬಳೆ, ಮಳೆ, ಬೆಲೆ, ಬಲೆ. ಕೂತವರು ಕೇಳಿಸಿದ್ದನ್ನು ಬರೆಯಬೇಕು. ಮೊದಮೊದಲು ಗೆಳತಿಯರ ದಂಡೇ ಬಂತು. ಬರಬರುತ್ತ ಒಬ್ಬಳಿಗೆ ಬಸ್ಸು, ಒಬ್ಬಳಿಗೆ ನೆಗಡಿ, ಇನ್ನೊಬ್ಬಳಿಗೆ ಬೇಜಾರು. ಬಲಗಡೆಯ ಸಾಲು ಖಾಲಿ ಬೀಳತೊಡಗಿದಾಗ ಏನಮ್ಮ ತಾನೇ ಹೋಗಿ ಅಲ್ಲಿ ಕೂತು ಬರೆದಳು.

ಎಲ್ಲ ಕೂಡಿಸಿ ನೋಡಿದರೆ ಬಲಗಡೆಯಲ್ಲಿ ತಪ್ಪುಗಳ ರಾಶಿ. ಮೇಡಂ ಕಣ್ಣು ಅರಳಿತು. “ಯಂತ್ರಕ್ಕೆ ಸಿಗದೇ ಇದ್ದದ್ದು ಕಿವಿಗೆ ಸಿಕ್ಕಿದೆ ನೋಡು. ಇದು ಹೊಸ ವಿಷಯ ಕಣೇ” ಎಂದು, ಬೇರೆ ಊರಿನಲ್ಲಿ ನಡೆಯಲಿದ್ದ ವಿದ್ಯಾರ್ಥಿಗಳ ಸಂಶೋಧನಾ ಸಭೆಗೆ ಅಂದೇ ಸಾರಾಂಶ ಕಳಿಸಿದರು. ಏನಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆ ಭಾನುವಾರ ಅಂಗಡಿಯಲ್ಲಿ ಅವಳು ದಿಂಬಿನ ಚೀಲಕ್ಕೆ ಹತ್ತಿ ತುಂಬಿ ಬಾಯಿ ಹೊಲಿಯುತ್ತಿದ್ದಳು. ಎಡಗಡೆ ಕೂತಿದ್ದ ಅಪ್ಪ ಏನೋ ಕೇಳಿದ. “ಏನು?” ಎಂದು ಅವಳು ಮೈಯನ್ನೆಲ್ಲ ಅತ್ತ ತಿರುಗಿಸಿದಳು. ತಿರುಗಿಸಿದವಳು ಹಾಗೇ ನಿಂತುಬಿಟ್ಟಳು. ಬಲಗಡೆಯ ಸಾಲಿನಲ್ಲಿ ಕೂತರೆ ಪದ ಓದುವವಳು ತನ್ನ ಎಡಕ್ಕಿರುತ್ತಾಳೆ. ಆ ತಪ್ಪುಗಳ ರಾಶಿ ಹಾಲಿನದಲ್ಲ, ತನ್ನದು.

“ಸೂಜಿ ಎಲ್ಲಿ ಅಂದೆ ಕಣೇ” ಎಂದ ಅಪ್ಪ. ಸೂಜಿ ಅವಳ ಕೈಯಲ್ಲೇ ಇತ್ತು.

ಒಂದಷ್ಟು ದಿನ ಅವಳು ಅದನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ತಿರುಗಿದಳು. ತಾನು ಸುಳ್ಳು ಬರೆದಿಲ್ಲವಲ್ಲ, ಕೇಳಿಸಿದ್ದನ್ನೇ ಬರೆದದ್ದು ಎಂದು ಸಮಾಧಾನ ಹೇಳಿಕೊಂಡಳು. ಬಲಗಡೆ ಅಷ್ಟು ಕೆಟ್ಟದಾಗಿ ಕೇಳಿಸಿದ್ದೂ ನಿಜವೇ, ಕೇಳಿಸಿದ್ದು ಅವಳೊಬ್ಬಳಿಗೆ ಅಷ್ಟೆ. ಹೇಳಿದರೆ ಹೊಸ ವಿಷಯವೂ ಹೋಗುತ್ತದೆ, ಇಷ್ಟು ಜೋಪಾನವಾಗಿ ಮುಚ್ಚಿಟ್ಟುಕೊಂಡದ್ದೂ ಹೋಗುತ್ತದೆ. ಆದರೆ ಮೇಡಂ ಕಾರಿಡಾರಿನಲ್ಲಿ ಸಿಕ್ಕಿದವರಿಗೆಲ್ಲ ಬಲಗಡೆಯ ಸಾಲಿನ ಕಥೆ ಹೇಳುವುದನ್ನು ನೋಡಿದಾಗ ಅವಳಿಗೆ ತಡೆಯಲಾಗಲಿಲ್ಲ. ಕೋಣೆಗೆ ಹೋಗಿ, ಬಾಗಿಲು ಹಾಕಿ, ನಿಂತೇ ಎಲ್ಲ ಹೇಳಿದಳು.

ಮೇಡಂ ತಲೆಯ ಮೇಲಿನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಮೊದ್ಲೇ ಯಾಕೆ ಹೇಳ್ಲಿಲ್ಲ?” ಎಂದರು.

“ಹೇಳಿದ್ರೆ ಮೊದಲ್ನೇ ಬೆಂಚಲ್ಲಿ ಕೂರಿಸ್ತೀರಿ ಅಂತ.”

ಮೇಡಂ ತುಟಿಯವರೆಗೆ ಬಂದ ನಗುವನ್ನು ಅಲ್ಲೇ ತಡೆದರು. “ಕೇಳೋರ ಕಿವಿ ಹೇಗಿದೆ ಅಂತ ಮೊದ್ಲು ನೋಡ್ಬೇಕಾಗಿದ್ದದ್ದು ನನ್ನ ಕೆಲಸ. ನಾನೂ ಕೇಳ್ಲಿಲ್ಲ ನೋಡು.” ಹಾಗೆಂದು ಅವಳೆದುರಿಗೇ ಸಭೆಯವರಿಗೆ ಫೋನು ಮಾಡಿದರು. “ಆ ಸಾರಾಂಶ ವಾಪಸ್ ತಗೋತೀವಿ. ನಮ್ಮ ಅಳತೆಯಲ್ಲಿ ತಪ್ಪಾಗಿದೆ.”

ಅವಳ ತಪ್ಪು ಎನ್ನಲಿಲ್ಲ, ವಿದ್ಯಾರ್ಥಿಯ ತಪ್ಪು ಎನ್ನಲಿಲ್ಲ, ನಮ್ಮ ಎಂದರು. ಮೇಡಂ ಫೋನು ಕೆಳಗಿಟ್ಟು, “ಮೊದಲಿಂದ ಮಾಡು. ಈ ಸಲ ನೀನು ಕೂರಬೇಡ, ಕೂರಿಸು” ಎಂದರು.

ಕೇಳುವವರನ್ನೆಲ್ಲ ಕರೆದುಕೊಂಡು ಹೋಗಿ ಆಸ್ಪತ್ರೆಯಲ್ಲಿ ಕಿವಿ ತೋರಿಸಿಕೊಂಡು ಬಂದದ್ದಾಯಿತು. ಯಾಕೆಂದು ಉದ್ದಜಡೆ ಕೇಳಿದಾಗ ಏನಮ್ಮ ಅವಳಿಗೂ ಹೇಳಿದಳು. “ಅದಕ್ಕೇ ನಾನು ಎಡಗಡೆಯಿಂದ ಬೈದಿದ್ದು ಒಂದೂ ನಿಂಗೆ ತಾಗಿಲ್ಲ” ಎಂದು ಉದ್ದಜಡೆ ಅಲ್ಲಿಗೆ ಆ ವಿಷಯ ಮುಗಿಸಿದಳು. ಮುಚ್ಚಿಟ್ಟುಕೊಂಡಾಗ ಬೆಟ್ಟದಷ್ಟಿದ್ದದ್ದು ಹೇಳಿದ ಮೇಲೆ ಇಷ್ಟೇನಾ ಎನ್ನಿಸಿತು.

ಹಿಂದಿನ ಗೋಡೆಯನ್ನು ಮೆತ್ತಗೆ ಮಾಡಿ ನೋಡಬೇಕೆಂದು ಅವಳು ಅಪ್ಪನ ಹಾಸಿಗೆಗಳನ್ನು ಕೇಳಿದಳು. “ನಾನು ಹೊಲಿಯೋದು ಮಲಗೋಕೆ, ನೇತು ಹಾಕೋಕಲ್ಲ” ಎಂದು ಅಪ್ಪ ರೇಗಿದ. ರೇಗಿದವನೇ ಮರುದಿನ ಹಾಸಿಗೆಗಳಿಗೆ ಕುಣಿಕೆ ಹೊಲಿದು, ಗಾಡಿಯಲ್ಲಿ ಹೇರಿಕೊಂಡು ಬಂದ.

ಹೊಸ ಲೆಕ್ಕದಲ್ಲಿ ಎಡಕ್ಕೂ ಬಲಕ್ಕೂ ಯಾವ ಭೇದವೂ ಕಾಣಲಿಲ್ಲ. ಹಾಸಿಗೆ ನೇತು ಹಾಕಿದ ಮೇಲೆ ನಡುವಿನ ಬೆಂಚುಗಳಲ್ಲಿ ಬಳೆಯು ಬಳೆಯಾಗಿ, ಮಳೆಯು ಮಳೆಯಾಗಿ ಕೇಳಿಸಿತು. ಕೊನೆಯ ಸಾಲುಗಳ ಪಾಡು ಮಾತ್ರ ಹಳೆಯದೇ. ಮುಂದಿನ ವರ್ಷದ ಸಭೆಯಲ್ಲಿ ಅವಳು ಇಷ್ಟನ್ನೇ ಹೇಳಿದಳು. ಬಹುಮಾನ ಬರಲಿಲ್ಲ. ಕೊನೆಯ ಸಾಲು ಯಾಕೆ ಸುಧಾರಿಸಲಿಲ್ಲ ಎಂದು ಯಾರೋ ಕೇಳಿದಾಗ, ತಡವರಿಸದೆ ಗೊತ್ತಿಲ್ಲ ಎಂದಳು. ಕಾಲೇಜಿನವರು ಆಮೇಲೆ ಹಿಂದಿನ ಗೋಡೆಗೆ ದಪ್ಪ ಪರದೆ ಹಾಕಿಸಿದರು. ಅದು ಯಾಕೆ ಬಂತೆಂದು ಈಗಿನ ಮಕ್ಕಳಿಗೆ ಗೊತ್ತಿರಲಾರದು.

ಏನಮ್ಮ ಮುಂದೆ ಓದಿದ್ದೂ ಸದ್ದಿನ ವಿಷಯವನ್ನೇ. ಈಗ ಅವಳ ಕೆಲಸ ಶಾಲೆಯಿಂದ ಶಾಲೆಗೆ ಹೋಗಿ ಕೋಣೆಗಳಲ್ಲಿ ಮಾತು ಎಷ್ಟು ಕೇಳಿಸುತ್ತದೆಂದು ಅಳೆದು ಹೇಳುವುದು. ಬಲಗಿವಿಯೂ ಒಂದಿಷ್ಟು ಮಂದವಾಗಿ, ಅದಕ್ಕೆ ಯಂತ್ರ ಬಂದಿದೆ. ಹೊಸದಾಗಿ ಜೊತೆಗೆ ಸೇರಿದ ಹುಡುಗಿಯರಿಗೆ ಮೊದಲ ದಿನವೇ ತನ್ನ ಕಿವಿಯ ವಿಷಯ ಹೇಳಿಬಿಡುತ್ತಾಳೆ, ಅವರ ಕಿವಿಯದ್ದನ್ನೂ ಕೇಳುತ್ತಾಳೆ. ಒಳಗೆ ಆ ಹುಡುಗಿಯರು ಪದಗಳನ್ನು ಓದುವ ಹೊತ್ತಿಗೆ ಅವಳು ಹೊರಗಿನ ಜಗಲಿಯ ಮೇಲೆ ಕೂತು, ಮುಂದೆ ಅಳೆಯಬೇಕಾದ ಕೋಣೆಯ ಕಿಟಕಿಗಳು ಯಾವ ಕಡೆಗಿವೆ ಎಂದು ನೋಡುತ್ತಿರುತ್ತಾಳೆ.