ಬಾವನ ಮೂರು ಡಿಸ್ಕುಗಳು

ಮೊನ್ನೆ ಉಡುಪಿಯ ಔಷಧಿ ಅಂಗಡಿಯೊಂದರಲ್ಲಿ ಚೀಟಿ ಹಿಡಿದು ನಿಂತಿದ್ದೆ. ಮೂಲೆಯಲ್ಲಿದ್ದ ಯಾವುದೋ ಯಂತ್ರ ಕುಂಯ್ ಕುಂಯ್ ಎನ್ನತೊಡಗಿತು. ಅಂಗಡಿಯವರು ಔಷಧಿ ಹುಡುಕುವುದನ್ನು ನಿಲ್ಲಿಸದೆ ಕಾಲಿನಿಂದಲೇ ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದರು. ನೀವಾಗಿದ್ದರೆ ಗಮನಿಸುತ್ತಲೂ ಇರಲಿಲ್ಲವೇನೋ. ನಾನು ಮಾತ್ರ, "ಅದು ಎಂತಕ್ಕೆ ಕೂಗುವುದೆಂದು ಒಮ್ಮೆ ನೋಡಿ" ಎಂದುಬಿಟ್ಟೆ. ಅವರು ನನ್ನ ಮುಖ ನೋಡಿ, ಮತ್ತೆ ಚೀಟಿ ನೋಡಿದರು. ಅದರಲ್ಲಿದ್ದದ್ದು ನಿದ್ದೆಯ ಮಾತ್ರೆ.

ಇಂಥದೇ ಕೂಗೊಂದನ್ನು ಕಾಪುವಿನ ನನ್ನ ಅಕ್ಕ ಹಳೆಯ ಬೆಡ್‌ಶೀಟಿನಡಿ ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದಳು.

ಬಾವ ಮಸ್ಕತ್ತಿನಲ್ಲಿ ಬಹಳ ವರ್ಷ ಇದ್ದರು. ರಜೆಗೆ ಬಂದಾಗಲೆಲ್ಲ ಮಗಳು ಚೈತ್ರಾ ಒಂದು ಗೇಣು ಎತ್ತರವಾಗಿರುತ್ತಿದ್ದಳು. ಅವರೇ ಕಳುಹಿಸಿದ ವಿಡಿಯೋ ಕ್ಯಾಮೆರಾದಲ್ಲಿ ಅಕ್ಕ ಮಗಳ ಊಟ, ಜ್ವರ, ಶಾಲೆಯ ಡ್ಯಾನ್ಸ್ ಎಲ್ಲ ಹಿಡಿದಿಟ್ಟಳು. ಎರಡು ಸಾವಿರದ ಐದರ ಹೊತ್ತಿಗೆ ಬಾವ ಗಂಟುಮೂಟೆ ಕಟ್ಟಿಕೊಂಡು ಬಂದವರು ಜೊತೆಗೊಂದು ಕರಿ ಡಬ್ಬವನ್ನೂ ತಂದರು. ಸರ್ವರ್ ಅಂತೆ. ಟೇಪು, ಫೋಟೋಗಳನ್ನೆಲ್ಲ ಅದಕ್ಕೆ ಇಳಿಸಿ, ಬೂಷ್ಟು ಹಿಡಿದಿದ್ದ ಟೇಪುಗಳನ್ನು ಎಸೆದರು. ಚಾ ಕುಡಿಯಲು ಬಂದವರಿಗೆಲ್ಲ, "ಮೂರು ಡಿಸ್ಕ್ ಉಂಟು ಇದರಲ್ಲಿ. ಒಂದು ಸತ್ತರೂ ಉಳಿದೆರಡು ಸೇರಿ ಅದರ ಕೆಲಸ ಮಾಡ್ತವೆ" ಎಂದು ವಿವರಿಸುತ್ತಿದ್ದರು. (ನಮ್ಮ ಮನೆಮಾತು ತುಳು, ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.) ಮಧ್ಯಾಹ್ನ ಊಟವಾದ ಮೇಲೆ ಆ ವಿಡಿಯೋಗಳ ಮುಂದೆ ಕುಳಿತರೆ ಅವರಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಒಂದು ಡಿಸ್ಕ್ ನಿಜವಾಗಿಯೂ ಸತ್ತಿತು. ಡಬ್ಬ ಕೂಗಿತು. ಅಕ್ಕ ಹೇಳಿದಾಗ, ಪಡುಬಿದ್ರಿಯಲ್ಲಿ ಅಂಗಡಿ ತೆರೆಯುವ ಓಡಾಟದಲ್ಲಿದ್ದ ಬಾವ, "ಯುಪಿಎಸ್ ಬ್ಯಾಟರಿಯದ್ದು ಅದು" ಎಂದರು. ಅವಳು ಬೆಡ್‌ಶೀಟ್ ಹೊದಿಸಿದಳು. ಮಳೆಗಾಲಕ್ಕೆ ಮುಂಚಿನ ಒಂದು ಗುಡುಗಿನ ದಿನ ಕರೆಂಟು ಹೋಗಿ ಬಂತು. ಎರಡನೆಯ ಡಿಸ್ಕೂ ಹೋಯಿತು, ಆಮೇಲೆ ಒಂದು ವಿಡಿಯೋವೂ ತೆರೆಯಲಿಲ್ಲ.

ಮಣಿಪಾಲದಲ್ಲಿ ಕೆಲಸ ಮಾಡುವವನು ಒಂದೋ ಡಾಕ್ಟರ್, ಇಲ್ಲವೇ ಕಂಪ್ಯೂಟರ್ ಪಂಡಿತ ಎಂಬುದು ನಮ್ಮ ಕುಟುಂಬದ ನಂಬಿಕೆ. ನಾನು ಅಲ್ಲಿನ ಕಚೇರಿಯೊಂದರಲ್ಲಿ ಟೈಪ್ ಮಾಡುತ್ತಿದ್ದವನು. ಆದರೂ ಫೋನು ನನಗೇ ಬಂತು. ನಮ್ಮ ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಕಾಮತರ ಮನೆ ಪರ್ಕಳದಲ್ಲಿತ್ತು. ಬಾವ ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡೇ ಅಲ್ಲಿಗೆ ಬಂದರು.

"ಇನ್ನು ಇದನ್ನು ಆನ್ ಮಾಡಬೇಡಿ ಮಾರಾಯ್ರೆ" ಎಂದರು ಕಾಮತರು. "ಮೊದಲು ಡಿಸ್ಕುಗಳ ಪ್ರತಿ ತೆಗೆಯುವ. ಪ್ರಯೋಗ ಎಲ್ಲ ಪ್ರತಿಯ ಮೇಲೆ. ಒಂದೊಂದು ಫೈಲೂ ಮೂರರಲ್ಲಿ ತುಂಡುತುಂಡಾಗಿ ಹಂಚಿರ್ತದೆ, ಕ್ರಮ ಬೇಕು. ಇವುಗಳಲ್ಲಿ ಮೊದಲನೆಯದು ಯಾವುದು?"

ಬಾವನಿಗೆ ಗೊತ್ತಿರಲಿಲ್ಲ. ಡಬ್ಬ ಕೆಟ್ಟ ದಿನ ಮೂರನ್ನೂ ಹೊರಗೆ ತೆಗೆದು, ಧೂಳು ಒರೆಸಿ, ಮನಬಂದಂತೆ ಒಳಗೆ ತಳ್ಳಿದ್ದರು. ಎಷ್ಟೋ ತಿಂಗಳ ಹಿಂದೆ ಸತ್ತ ಡಿಸ್ಕಿಗೆ ಆಮೇಲೆ ನಡೆದದ್ದು ತಿಳಿಯದು; ಆದ್ದರಿಂದ ಈಗ ಹೋದದ್ದನ್ನೇ ಹೇಗಾದರೂ ಓದಿಸಬೇಕಿತ್ತು. ಅದು ಬಿಸಿಯಾಗದಿರಲೆಂದು ಕಾಮತರು ಟೇಬಲ್ ಫ್ಯಾನನ್ನು ಅದರತ್ತ ತಿರುಗಿಸಿಟ್ಟರು. ಅದು ಕೆಮ್ಮುತ್ತ, ನಿಲ್ಲುತ್ತ, ದಿನಗಟ್ಟಲೆ ಓದಿಸಿಕೊಂಡಿತು. ನಂತರ ಕ್ರಮ ಬದಲಿಸಿ ಬದಲಿಸಿ ಪ್ರತಿಗಳನ್ನು ಜೋಡಿಸುವ ಕೆಲಸ. ಒಂದು ಸಂಜೆ ಪರದೆಯ ಮೇಲೊಂದು ಫೋಟೋ ತೆರೆಯಿತು. ಮೇಲೆ ಚೈತ್ರಾಳ ರಿಬ್ಬನ್, ಹಣೆ, ಕಣ್ಣು. ಕೆಳಗೆ ಬರೀ ಬಣ್ಣದ ಗೀಟುಗಳು.

"ಕ್ರಮ ತಪ್ಪಿದೆ" ಎಂದರು ಕಾಮತರು.

"ಕಣ್ಣಿನ ತನಕ ಅವಳೇ" ಎಂದರು ಬಾವ.

ಆ ಭಾನುವಾರ ನಾನು ಕಾಪುವಿಗೆ ಹೋದಾಗ ಅಕ್ಕ ಹಿತ್ತಿಲಲ್ಲಿ ಬಂಗುಡೆ ಮೀನು ಶುಚಿ ಮಾಡುತ್ತಿದ್ದಳು. ಬಾವ ಬಾಗಿಲಲ್ಲಿ ನಿಂತು ಬೆಡ್‌ಶೀಟಿನ ವಿಷಯ ಎತ್ತಿದರು. ಅಕ್ಕ ಯುಪಿಎಸ್ ವಿಷಯ ಎತ್ತಿದಳು. ಕೊನೆಗೆ, "ಹೋದರೆ ಹೋಗಲಿ. ನಾನು ಅದನ್ನೆಲ್ಲ ಕಣ್ಣಾರೆ ನೋಡಿದ್ದೇನೆ" ಎಂದಳು.

"ನಾನು ನೋಡಲಿಲ್ಲ, ಅಲ್ವಾ" ಎಂದರು ಬಾವ.

ಅಕ್ಕನ ಕೈ ನಿಂತಿತು. ಮುಂದಿನ ಸಲ ಪರ್ಕಳದ ಬಸ್ಸಿಗೆ ಅವಳೂ ಹತ್ತಿದಳು.

ಅಷ್ಟರಲ್ಲಿ ಕ್ರಮ ಸಿಕ್ಕಿತ್ತು. ಹೆಚ್ಚಿನವೆಲ್ಲ ಬಂದವು. ಕೆಲವು ವಿಡಿಯೋಗಳು ನಡುವೆಯೇ ನಿಲ್ಲುತ್ತಿದ್ದವು. ಒಂದು ಮಾತ್ರ ಏನು ಮಾಡಿದರೂ ತೆರೆಯಲಿಲ್ಲ. ಕಾಮತರು ತಲೆಯಾಡಿಸಿದರು. ಫೈಲಿನ ಹೆಸರಿನ ಪ್ರಕಾರ ಚೈತ್ರಾ ಮೊದಲ ಸಲ ಸೈಕಲ್ ಬಿಟ್ಟದ್ದು ಅದರಲ್ಲಿತ್ತು; ಬಾವ ಅದನ್ನು ಇನ್ನೂ ನೋಡಿರಲಿಲ್ಲ. ಅಕ್ಕ ಕುರ್ಚಿ ಎಳೆದು ಬಾವನ ಕಡೆ ತಿರುಗಿ ಕುಳಿತಳು. ಕಡಲ ಬದಿಯ ಬಯಲು, ಒಣಗಲು ಹರಡಿದ್ದ ಬಲೆಗಳ ರಾಶಿ, ಹುಡುಗಿ ಬ್ರೇಕ್ ಮರೆತು ನೇರ ಅದರೊಳಗೆ ಹೋಗಿ ಮೀನಿನಂತೆ ಸಿಕ್ಕಿಬಿದ್ದದ್ದು, ನಕ್ಕು ನಕ್ಕು ತನ್ನ ಕೈಯ ಕ್ಯಾಮೆರಾ ನಡುಗಿದ್ದು, ಎಲ್ಲ ಹೇಳಿದಳು.

"ಬಲೆ ಯಾವ ಬಣ್ಣ?" ಎಂದು ಬಾವ ಕೇಳಿದರು.

"ಹಸಿರು."

ಆಮೇಲೆಯೂ ಅವರು ಅದನ್ನು ಅವಳ ಬಾಯಿಂದ ಎಷ್ಟೋ ಸಲ ಹೇಳಿಸಿದರು. ಉಳಿದ ವಿಡಿಯೋಗಳನ್ನು ನೋಡುವುದು ತಾನಾಗಿ ಕಡಿಮೆಯಾಯಿತು.

ಮೊನ್ನೆ ಆ ಔಷಧಿ ಅಂಗಡಿಯಿಂದ ನೇರ ಕಾಪುವಿಗೆ ಹೋದೆ. ಚೈತ್ರಾ ಗಂಡನ ಮನೆಯವರೊಂದಿಗೆ ಬಂದಿದ್ದಳು. ಊಟದ ನಡುವೆ ಬಾವ ಅವರಿಗೆ ಸೈಕಲ್ ಕತೆ ಹೇಳುತ್ತಿದ್ದರು: "ನಾನು ಹಿಂದಿನಿಂದ ಸೀಟು ಹಿಡಿದು ಓಡ್ತಾ ಇದ್ದೆ. ಬಿಡಬೇಡಿ ಪಪ್ಪ, ಬಿಡಬೇಡಿ ಅಂತ ಇವಳ ಬೊಬ್ಬೆಯೇ ಬೊಬ್ಬೆ!"

ಕಂಡ ತಪ್ಪನ್ನೆಲ್ಲ ತಿದ್ದುವ ಚಟ ನನ್ನದು. ಆಗ ಬಾವ ಇದ್ದದ್ದು ಮಸ್ಕತ್ತಿನಲ್ಲಿ ಎನ್ನಲು ಬಾಯಿ ತೆರೆದೇ ಬಿಟ್ಟಿದ್ದೆ. ಅಕ್ಕ ಸುಮ್ಮನೆ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ನಾನು ಊಟ ಮುಂದುವರಿಸಿದೆ.

ಚೈತ್ರಾ ಅಪ್ಪನ ಕಡೆ ನೋಡಿ ನಕ್ಕಳು. "ಆಮೇಲೆ ಬಿಟ್ಟಿರಲ್ಲ? ಅದಕ್ಕೇ ನಾನು ಬಿದ್ದದ್ದು" ಎಂದಳು.