ಗಂಗತ್ತೆಯ ಮೇಲೊಂದು ಉಪಮೆ

ಇಂಡಿ ಊರಿನ ಬಸ್ ನಿಲ್ದಾಣದ ಹಿಂದೊಂದು ಖಾನಾವಳಿ ಇದೆ. ಕಾಲೇಜಿನಲ್ಲಿ ಹುಡುಗರಿಗೆ ಕಾವ್ಯಾಲಂಕಾರದ ಪಾಠ ಮಾಡಿ ಮುಗಿಸಿ ಅಲ್ಲಿಗೆ ಉಣ್ಣಲು ಹೋದ ದಿನ, ಒಳಗೆ ಯಾರದೋ ಕೈತಪ್ಪಿ ಜೋಳದ ರೊಟ್ಟಿ ಹಂಚಿಗೆ ಹತ್ತಿತು. ಆ ಸೀದ ವಾಸನೆ ಮೂಗಿಗೆ ಬಡಿದದ್ದೇ ತಡ, ಸಿಂದಗಿಯ ನಮ್ಮ ಮನೆಯ ಅಡುಗೆಮನೆ ಕಣ್ಣೆದುರು ಬಂದು ನಿಂತಿತು: ಹೊಗೆಗೆ ಕಪ್ಪಾದ ಜಂತಿ, ಕುಸುಬೆ ಎಣ್ಣೆಯ ಡಬ್ಬಿ, ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತ ಗಂಗತ್ತೆ. ನೆನಪು ಇಷ್ಟು ಅಚ್ಚುಕಟ್ಟಾಗಿ ಬಂದರೆ ನನಗೆ ಅನುಮಾನ ಹುಟ್ಟುತ್ತದೆ. ಆದರೂ ಬರೆಯುತ್ತೇನೆ. ಇಂಥದೊಂದು ಒಲೆಯ ಮುಂದೆ ಬೆಳೆದ ನಿಮಗೆ ಇದರಲ್ಲಿ ಯಾವುದು ನಿಜ, ಯಾವುದು ನನ್ನ ಕೈಚಳಕ ಎಂದು ತಿಳಿದೀತು.

ಅಜ್ಜ ಕನ್ನಡ ಮಾಸ್ತರರಾಗಿ ನಿವೃತ್ತರಾದವರು. ಸಾಲೆ ಬಿಟ್ಟರೂ ಸಾಲೆ ಅವರನ್ನು ಬಿಟ್ಟಿರಲಿಲ್ಲ. ಪ್ರತಿ ರವಿವಾರ ಊಟಕ್ಕೆ ಕೂತಾಗ ನಾನು ಮತ್ತು ಅಣ್ಣ ಕಣ್ಣೆದುರಿನ ಯಾವುದಾದರೊಂದು ವಸ್ತುವಿನ ಮೇಲೆ ಒಂದೊಂದು ಉಪಮೆ ಕಟ್ಟಿ ಹೇಳಬೇಕು. ಯಾವುದನ್ನು ಹೋಲಿಸಿದೆ, ಯಾವುದಕ್ಕೆ ಹೋಲಿಸಿದೆ, ಎರಡರಲ್ಲೂ ಇರುವ ಗುಣ ಯಾವುದು, 'ಅಂತೆ' ಎಂಬ ಮಾತು ಎಲ್ಲಿದೆ, ಈ ನಾಲ್ಕೂ ಅಂಗ ಕೂಡಿದರೆ ಮೊದಲ ಬಿಸಿ ರೊಟ್ಟಿ. ಒಂದು ತಪ್ಪಿದರೂ ಎಲ್ಲರದೂ ಆದ ಮೇಲೆ, ಆರಿದ್ದು. ಒಮ್ಮೆ ಅಣ್ಣ, "ಅಜ್ಜನ ತಲೆ ತಿಕ್ಕಿದ ತಂಬಿಗೆಯಂತೆ ಹೊಳೆಯುತ್ತದೆ" ಎಂದ. ನಾಲ್ಕೂ ಅಂಗ ಇದ್ದವು. "ಹಿರ್ಯಾರ ಮ್ಯಾಲ ಉಪಮಾ ಕಟ್ಟಬಾರದಲೇ, ಮಂಗ್ಯಾ" ಎಂದು ಅಜ್ಜ ಅವನ ತಾಟು ಎತ್ತಿಸಿದರು.

ಮುಂದಿನ ವಾರ ಮೊದಲ ಸರದಿ ನನ್ನದು. ಗಂಗತ್ತೆ ಅಜ್ಜನ ಕಿರಿಯ ಮಗಳು. ಚಿಕ್ಕಂದಿನಲ್ಲಿ ಕಾದ ಎಣ್ಣೆ ಬಿದ್ದು ಆಕೆಯ ಕೊರಳಿನ ಎಡಬದಿ ಸುಟ್ಟಿತ್ತು. ರೊಟ್ಟಿ ಬಡಿಯುವಾಗ ಸೆರಗು ಜಾರಿ ಅದು ಕಂಡಿತು. ನಾನು ಹೇಳಿದೆ: "ಅತ್ತೆಯ ಕೊರಳು ಹಂಚಿಗೆ ಹತ್ತಿದ ರೊಟ್ಟಿಯಂತೆ ಕಪ್ಪಾಗಿ ಸುಕ್ಕುಗಟ್ಟಿದೆ."

ಅಜ್ಜ ತೊಡೆ ತಟ್ಟಿದರು. "ಶಾಬಾಸ್. ಪೂರ್ಣೋಪಮಾ ಅಂದ್ರ ಇದು." ಅಪ್ಪ ನಕ್ಕ, ಅಣ್ಣ ನಕ್ಕ, ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅತ್ತೆಯೂ ಹಿರಿಯಳೇ ಎಂದು ಯಾರಿಗೂ ಹೊಳೆಯಲಿಲ್ಲ. ಮನೆಯ ಕಟ್ಟಳೆಯಂತೆ ಮೊದಲ ರೊಟ್ಟಿಯನ್ನು ಅವಳೇ ನನ್ನ ತಾಟಿಗೆ ಹಾಕಬೇಕಿತ್ತು. ಹಾಕಿದಳು. "ನನ್ನ ಕೊಳ್ಳಿನ ಮ್ಯಾಲ ರೊಟ್ಟಿ ಗಳಿಸಿದಿ, ತಿನ್ನವಾ" ಎಂದಳು.

ಆ ಬೇಸಿಗೆಯಲ್ಲಿ ತಾಳಿಕೋಟೆಯಿಂದ ಅತ್ತೆಯನ್ನು ನೋಡಲು ಬಂದರು. ಅವಳಿಗಾಗಲೇ ಮೂವತ್ತು ಸಮೀಪಿಸಿತ್ತು. ಇದು ತಪ್ಪಿದರೆ ಮತ್ತೊಂದು ಬರುವುದಿಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸುಟ್ಟ ಕಲೆಯ ಸಂಗತಿ ನಿಶ್ಚಯವಾದ ಮೇಲೆ ಹೇಳಿದರಾಯಿತು ಎಂದು ಅಜ್ಜ ತೀರ್ಮಾನಿಸಿದ್ದರು. ಅತ್ತೆ ಕೊರಳಿಗೆ ಬಿಗಿಯಾಗಿ ಸೆರಗು ಹೊದ್ದು ಚಹ ತಂದಿಟ್ಟಳು. ಮಾತು ಚೆನ್ನಾಗಿಯೇ ಸಾಗಿತ್ತು. ಹುಡುಗನ ಅಪ್ಪ ನನ್ನತ್ತ ನೋಡಿ, "ಮಾಸ್ತರ ಮೊಮ್ಮಗಳಲ್ಲೇನು? ಏನರೆ ಹೇಳಿಸ್ರಿ" ಎಂದ. ಅಜ್ಜನ ಎದೆ ಉಬ್ಬಿತು. "ಒಂದು ಉಪಮಾ ಹೇಳವಾ, ಚೊಲೋದು."

ನನ್ನ ಹತ್ತಿರ ಇದ್ದದ್ದರಲ್ಲಿ ಚೊಲೋದು ಅದೇ.

ಹುಡುಗನ ತಾಯಿ ಚಹದ ಬಟ್ಟಲು ಕೆಳಗಿಟ್ಟಳು. "ಸೆರಗ ಸ್ವಲ್ಪ ಸರಸವಾ, ನೋಡೂಣು." ಅತ್ತೆ ಸರಿಸಿದಳು. ಆ ಹೆಂಗಸು ಬಹಳ ಹೊತ್ತು ನೋಡಿ ಅಜ್ಜನ ಕಡೆ ತಿರುಗಿದಳು. "ಕೂಸು ಖರೇನ ಹೇಳೇತಿ ಬಿಡ್ರಿ, ಮಾಸ್ತರ. ನೀವ ಹೇಳಿದ್ದಿಲ್ಲ."

ಅವರು ಹೋದ ಮೇಲೆ ಅಜ್ಜ ನನ್ನನ್ನು ಬೈಯಲಿಲ್ಲ. ಅತ್ತೆಗೆ ಹೇಳಿದರು: "ಸರಸಂದ್ರ ಸರಸೂದೇನು? ಬುದ್ಧಿ ಬ್ಯಾಡ?" ಅತ್ತೆ ಬಟ್ಟಲುಗಳನ್ನು ಕೂಡಿಸಿಕೊಂಡು ಒಳಗೆ ಹೋದಳು.

ಧಾರವಾಡದಲ್ಲಿ ಎಂ.ಎ. ಓದುವಾಗ ಇದನ್ನು ಡೈರಿಯಲ್ಲಿ ಬರೆದಿದ್ದೇನೆ: 'ನನಗಾಗ ಎಂಟು ವರ್ಷ, ತಿಳಿಯದೆ ಹೇಳಿದೆ.' ಓದಲು ಹಿತವಾಗಿದೆ. ಆದರೆ ಅಂದು ಬೆಳಿಗ್ಗೆ ಅವ್ವ ತಲೆ ಬಾಚುತ್ತ, "ಅತ್ತಿ ಕೊಳ್ಳಿನ ಸುದ್ದಿ ತಗೀಬ್ಯಾಡ" ಎಂದದ್ದೂ ನೆನಪಿದೆ. ಅಣ್ಣನನ್ನು ಕೇಳಿದರೆ, ಅವ್ವ ಅದನ್ನು ಹೇಳಿದ್ದು ತನಗೊಬ್ಬನಿಗೇ ಎನ್ನುತ್ತಾನೆ. ಹಾಗಿದ್ದರೆ ಅವನಿಂದ ಕೇಳಿದ್ದನ್ನು ನನ್ನದು ಮಾಡಿಕೊಂಡಿರಬಹುದು. ಇನ್ನೊಂದನ್ನು ಮಾತ್ರ ಯಾರಿಂದಲೂ ಕೇಳಿದ್ದಲ್ಲ. ಬಾಯಿ ತೆರೆಯುವ ಮೊದಲು ನಾನು ಅತ್ತೆಯ ಕಡೆ ಒಮ್ಮೆ ನೋಡಿದೆ. ತಿಳಿಯದವಳು ಯಾಕೆ ನೋಡಬೇಕಿತ್ತು?

ಅತ್ತೆ ಅದೇ ಒಲೆಯ ಮುಂದೆ ಇನ್ನೂ ಇಪ್ಪತ್ತು ವರ್ಷ ಕೂತಳು. ನನ್ನ ಮದುವೆಗೆ ಹೋಳಿಗೆ ಮಾಡಿದಳು. ಆ ದಿನದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳು ತೀರಿಕೊಂಡಾಗ ಗೋಡೆಗೆ ಹಾಕಲು ಒಂದು ಫೋಟೋ ಹುಡುಕಿದೆವು, ಸಿಗಲಿಲ್ಲ. ಕ್ಯಾಮೆರಾ ಕಂಡರೆ ಎದ್ದು ಹೋಗುತ್ತಿದ್ದಳು. ಮನೆಯೂ ಈಗಿಲ್ಲ, ಆ ಜಾಗದಲ್ಲಿ ಅಂಗಡಿಗಳ ಸಾಲು ಎದ್ದಿದೆ.

ಫೋಟೋ ಇಲ್ಲದಿದ್ದರೇನು, ಬರೆದಾದರೂ ಇಟ್ಟುಕೊಳ್ಳೋಣವೆಂದು ಈ ವಾರವೆಲ್ಲ ಕೂತೆ. ಅವಳ ಕಣ್ಣು ಹೇಗಿದ್ದವು? ಮೂಗುಬೊಟ್ಟು ಯಾವ ಬದಿಗಿತ್ತು? ನಕ್ಕರೆ ಹಲ್ಲು ಕಾಣುತ್ತಿದ್ದವೇ? ಒಂದೂ ಬರುವುದಿಲ್ಲ. ಅಷ್ಟು ವರ್ಷ ಎದುರಿಗೆ ಕೂತು ಉಂಡವಳಿಗೆ ಅವಳ ಮುಖವೇ ನೆನಪಿಲ್ಲ. ಕೊರಳು ಮಾತ್ರ ಇದೆ.