ಖುಕುರಿಯ ಬುಡದ ಕಚ್ಚು

ಖುಕುರಿ ಇಟ್ಟುಕೊಂಡವನ ಮೊದಲ ಕಷ್ಟವೆಂದರೆ, ಅದರಿಂದ ಮಾಡುವುದಕ್ಕೆ ಕೆಲಸವೇ ಇರುವುದಿಲ್ಲ. ನೇಪಾಳದಲ್ಲಿ ಈ ಬಾಗಿದ ಕತ್ತಿಯಿಂದ ಕಟ್ಟಿಗೆ ಸೀಳುತ್ತಾರೆ, ಕೋಣ ಕಡಿಯುತ್ತಾರೆ, ಹಿಂದೆ ಶತ್ರುಗಳನ್ನೂ ಕಡಿದಿದ್ದಾರಂತೆ. ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ಮನೆಗೆ ಗ್ಯಾಸ್ ಬಂದಿದೆ, ಕೋಣ ಇಲ್ಲ, ಶತ್ರುಗಳೆಂದರೆ ಬೀದಿ ನಲ್ಲಿಗೆ ನಮಗಿಂತ ಮೊದಲು ಕೊಡ ಇಡುವವರು ಮಾತ್ರ. ಆದರೂ ಹದಿನೇಳನೇ ವಯಸ್ಸಿಗೆ ನನಗೊಂದು ಖುಕುರಿ ಬೇಕೇ ಬೇಕೆನಿಸಿತು. ಶಿವಮೊಗ್ಗದ ಕಾಲೇಜಿನಲ್ಲಿ ಒಬ್ಬನ ಹತ್ತಿರ ಬೈಕಿತ್ತು, ಇನ್ನೊಬ್ಬನಿಗೆ ಮೀಸೆ ಬಂದಿತ್ತು. ನನಗೂ ಏನಾದರೂ ಬೇಕಲ್ಲ?

ಈ ಹುಳ ಬಿಟ್ಟವನು ದಿಲ್ ಬಹದ್ದೂರ್. ಶಿವಮೊಗ್ಗ ಬಸ್ ಸ್ಟ್ಯಾಂಡಿನ ಹತ್ತಿರ ಗೋಬಿ ಮಂಚೂರಿ ಗಾಡಿ ಇಟ್ಟಿದ್ದ ನೇಪಾಳಿ. ಗಿರಾಕಿಗಳು ಅವನನ್ನು ಚೀನಾದವನೆಂದೇ ನಂಬಿದ್ದರು. ವ್ಯಾಪಾರಕ್ಕೆ ಒಳ್ಳೆಯದೆಂದು ಅವನೂ ಸುಮ್ಮನಿದ್ದ. ಅವನು ಕೋಸು ಹೆಚ್ಚುತ್ತಿದ್ದದ್ದು ಖುಕುರಿಯಲ್ಲಿ. ಅದರ ವೇಗ ಹೇಗಿತ್ತೆಂದರೆ, ಭದ್ರಾವತಿ ಬಸ್ಸು ಹಾರ್ನ್ ಹೊಡೆದು ಗೇಟು ದಾಟುವಷ್ಟರಲ್ಲಿ ಒಂದು ಮೂಟೆ ಕೋಸು ಮುಗಿದಿರುತ್ತಿತ್ತು. ಮೂಟೆಯಲ್ಲದಿದ್ದರೆ ಅರ್ಧ ಮೂಟೆ. ಸರಿ, ಎರಡು ಕೋಸು.

"ಊರಿಗೆ ಹೋದಾಗ ನಂಗೂ ಒಂದು ತಂದ್ಕೊಡು ಮಾರಾಯ," ಅಂದೆ.

"ನೀನು ಏನು ಮಾಡ್ತೀ ಭಾಯ್? ನಿಂಗೆ ಈರುಳ್ಳಿ ಕೊಯ್ಯಕ್ಕೂ ಬರಲ್ಲ."

"ಸುಮ್ನೆ ನೋಡ್ತೀನಿ."

"ಠೀಕ್. ನೋಡಕ್ಕೂ ಕಲೀಬೇಕು," ಅಂದ.

ಗಣಪತಿ ಹಬ್ಬ ಕಳೆದು ಅವನು ಊರಿಂದ ವಾಪಸಾದಾಗ ಒಂದು ಖುಕುರಿ ತಂದಿದ್ದ. ನಾನು ನನ್ನ ವಾಕ್‌ಮನ್ ಕೊಟ್ಟೆ. ಅದರಲ್ಲಿ ಒಂದೇ ಕಿವಿಗೆ ಹಾಡು ಬರುತ್ತಿತ್ತು ಅನ್ನುವುದನ್ನು ಹೇಳಲಿಲ್ಲ. ಅವನಿಗೆ ಇನ್ನೊಂದು ಕಿವಿ ಗಿರಾಕಿಗಳ ಮಾತಿಗೆ ಬೇಕಾಗುತ್ತದೆ ಅಂತ ನನಗೆ ನಾನೇ ಸಮಾಧಾನ ಮಾಡಿಕೊಂಡೆ.

ಆ ಸಂಜೆ ಎಣ್ಣೆ ಕಾಯುವವರೆಗೆ ಅವನು ನನಗೆ ಪಾಠ ಮಾಡಿದ. ಅವರ ಊರಿನ ಕಮ್ಮಾರ ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಇದ್ದಿಲಲ್ಲಿ ಕಾಯಿಸಿ ಬಡಿಯುತ್ತಾನೆ. ಇಬ್ಬರು ಬಡಿಯುವಾಗ ಒಬ್ಬರ ಸುತ್ತಿಗೆಗೆ ಇನ್ನೊಬ್ಬರದು ತಾಗುವುದಿಲ್ಲ. ಕೊನೆಗೆ ಕೆಂಪಗೆ ಕಾದ ಅಲಗಿನ ಬಾಯಿಗೆ ಮಾತ್ರ ಕೆಟಲ್ಲಿನಿಂದ ನೀರು ಸುರಿಯುತ್ತಾನೆ, ನಾವು ಲೋಟಕ್ಕೆ ಕಾಫಿ ಬಗ್ಗಿಸಿದ ಹಾಗೆ. ಅದಕ್ಕೇ ಬಾಯಿ ಗಟ್ಟಿ, ಬೆನ್ನು ಮೆತ್ತಗೆ. ಎಷ್ಟು ಏಟು ಹಾಕಿದರೂ ಮುರಿಯುವುದಿಲ್ಲ. ಹಿಡಿ ಎಮ್ಮೆ ಕೊಂಬಿನದು. ಚರ್ಮದ ಒರೆಯಲ್ಲಿ ಎರಡು ಮರಿ ಚಾಕು ಬೇರೆ: ಒಂದು ಹರಿತ, ಇನ್ನೊಂದು ಬೇಕೆಂದೇ ಮೊಂಡು, ಅದು ದೊಡ್ಡದರ ಬಾಯಿ ತೀಡುವುದಕ್ಕೆ.

ಆಮೇಲೆ ಹಿಡಿಯ ಹತ್ತಿರ, ಬಾಯಿ ಶುರುವಾಗುವ ಕಡೆ, ಅರ್ಧ ಉಗುರಿನಷ್ಟು ಒಳಕ್ಕೆ ಕೊರೆದಿದ್ದ ಒಂದು ಕಚ್ಚು ತೋರಿಸಿದ.

"ಇದು ಶಿವಜೀದು ತ್ರಿಶೂಲ. ನಮ್ಮ ಚಾಚಾ ಹೇಳ್ತಾನೆ ಗೋಮಾತಾದು ಪಾದ ಅಂತ. ಫೌಜಿನವರು, ಮಿಲ್ಟ್ರಿಯವರು, ಹೇಳ್ತಾರೆ ರಕ್ತ ಇಲ್ಲಿ ಬಿದ್ದೋಗುತ್ತೆ, ಕೈ ಜಾರಲ್ಲ ಅಂತ."

"ಯಾವುದು ಸರಿ?"

"ಯಾರಿಗೆ ಗೊತ್ತು? ಲೇಕಿನ್ ಇದು ಇಲ್ಲ ಅಂದ್ರೆ ಅದು ಖುಕುರಿ ಅಲ್ಲ, ನಿಮ್ಮ ಮಚ್ಚು."

ಬಸ್ಸಿನಲ್ಲಿ ಅದನ್ನು ಕ್ರಿಕೆಟ್ ಬ್ಯಾಟಿನ ಚೀಲದಲ್ಲಿಟ್ಟುಕೊಂಡು ಕೂತಿದ್ದೆ. ಕಂಡಕ್ಟರ್ ಹಿಡಿಯನ್ನು ನೋಡಿ "ಏನಪ್ಪ ಇದು?" ಅಂದ. "ಅಡುಗೆ ಸಾಮಾನು ಸಾರ್," ಅಂದೆ. ಅವನು ಚಿಲ್ಲರೆ ಕೇಳದೆ ಟಿಕೆಟ್ ಹರಿದುಕೊಟ್ಟ. ಆ ರೂಟಿನಲ್ಲಿ ನನಗೆ ಅಷ್ಟು ಮರ್ಯಾದೆ ಸಿಕ್ಕಿದ್ದು ಅದೊಂದೇ ಸಲ.

ಮನೆಯಲ್ಲಿ ಅಮ್ಮ ಆ ಮೊಂಡು ಮರಿ ಚಾಕು ತೆಗೆದುಕೊಂಡು ಹುರುಳಿಕಾಯಿ ಹೆಚ್ಚಲು ಕೂತು, ಅದು ಹುರುಳಿಕಾಯಿಗೆ ಬರೀ ಮಾಲೀಸು ಮಾಡುವುದನ್ನು ಕಂಡು, "ನಿಂಗೆ ಟೋಪಿ ಹಾಕಿದಾನೆ ನೋಡು," ಅಂದಳು. ಅಪ್ಪ ಮಾತ್ರ ದೊಡ್ಡದನ್ನೇ ಕೈಗೆತ್ತಿಕೊಂಡರು. ಒರೆಯಿಂದ ತೆಗೆದರು, ಬೆರಳಿನಲ್ಲಿ ತಟ್ಟಿ ಕಿವಿಗೆ ಹಿಡಿದರು, ಬೆನ್ನಿನ ಮೇಲೆ ಅರ ಎಳೆದರು, ಬಾಯಿಯ ಮೇಲೆ ಎಳೆದರು. ಬೆನ್ನಿನ ಮೇಲೆ ಅರ ಕಚ್ಚಿತು, ಬಾಯಿಯ ಮೇಲೆ ಜಾರಿತು.

"ಕೈಯಲ್ಲಿ ಮಾಡಿದ್ದಾ ಇದನ್ನ? ಭೇಷ್," ಅಂದರು. ತುಂಬ ದಿನದ ಮೇಲೆ ಅವರ ಬಾಯಲ್ಲಿ ಆ ಪದ ಕೇಳಿದೆ.

ಅಪ್ಪ ಉಕ್ಕಿನ ಕಾರ್ಖಾನೆಯ ಟೂಲ್ ರೂಮಿನಲ್ಲಿ ಇಪ್ಪತ್ತೆಂಟು ವರ್ಷ ಹತ್ಯಾರು ಮಸೆಯುವ ಗ್ರೈಂಡಿಂಗ್ ಕೆಲಸ ಮಾಡಿದವರು. ಆ ವರ್ಷ ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದರು. ಅದರಲ್ಲಿ ಸ್ವಯಂ ಎಷ್ಟಿತ್ತು ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ. ಅಲ್ಲಿಂದ ಅವರ ಕೈ ಸುಮ್ಮನೆ ಕೂರಲಿಲ್ಲ. ಮೊದಲು ಈಳಿಗೆ ಮಣೆ ಮಸೆದರು. ಬದನೆಕಾಯಿ ಅದನ್ನು ದೂರದಿಂದ ನೋಡಿಯೇ ಎರಡಾಗತೊಡಗಿತು. ಆಮೇಲೆ ಅಕ್ಕಪಕ್ಕದ ಮನೆಗಳ ಕತ್ತರಿ, ಕುಡುಗೋಲು, ತೆಂಗಿನಕಾಯಿ ತುರಿಯುವ ಹಲ್ಲು. ನಮ್ಮ ಬೀದಿಯ ಹೆಂಗಸರೆಲ್ಲ ಬೆರಳಿಗೆ ಬಟ್ಟೆ ಸುತ್ತಿಕೊಂಡು ಓಡಾಡುವ ಹಾಗಾಯಿತು. ಸಣ್ಮುಗಂ ಮಾಮ ಅಂತ ಅವರ ಜೊತೆಗಿದ್ದವರು ಮೊದಲೇ ಕೆಲಸ ಬಿಟ್ಟು ಲೇತ್ ಅಂಗಡಿ ಹಾಕಿದ್ದರು. ಅವರು ಮನೆಗೇ ಬಂದು, "ರಾಜಣ್ಣ, ಆಯುಧ ಪೂಜೆ ಆಗ್ಲಿ, ಮರುದಿನದಿಂದ ನಮ್ಮ ಗ್ರೈಂಡರ್ ನಿಮ್ದೇ. ಬೇರೆ ಯಾರ್ ಕೈಗೂ ಕೊಡಲ್ಲ ನಾನು," ಅಂದು ಹೋದರು. ಅಪ್ಪ ಅಮ್ಮನ ಮುಂದೆ "ನೋಡೋಣ" ಅಂದರು. ಆದರೆ ಪೆಟ್ಟಿಗೆಯಿಂದ ಹಳೇ ಖಾಕಿ ಅಂಗಿ ತೆಗೆದು ಒಗೆಯಲು ಹಾಕಿದ್ದು ನಾನು ಕಂಡೆ.

ಆಯುಧ ಪೂಜೆಗೆ ಎಲ್ಲರೂ ತಮ್ಮ ತಮ್ಮ ಹತ್ಯಾರು ಇಡುತ್ತಾರೆ. ಅಪ್ಪನಿಗೆ ಇಡುವುದಕ್ಕೆ ಈ ಸಲ ತಮ್ಮದು ಅಂತ ಏನೂ ಇರಲಿಲ್ಲ. "ನಿನ್ನ ಖುಕುರಿ ಒಂದಿನ ಕೊಡು, ಸಣ್ಮುಗಂ ಅಂಗಡೀಲಿ ಇಡೋಣ," ಅಂದರು. ಪೂಜೆಯ ಹಿಂದಿನ ದಿನವೇ ತೆಗೆದುಕೊಂಡು ಹೋದರು.

ಪೂಜೆಯ ಬೆಳಿಗ್ಗೆ ಅಂಗಡಿಯಲ್ಲಿ ಅಪ್ಪನ ಹಳೇ ಜೊತೆಗಾರರು ಏಳೆಂಟು ಜನ ಸೇರಿದ್ದರು. ಲೇತಿಗೆ ಬಾಳೆಕಂಬ, ಡ್ರಿಲ್ಲಿಗೆ ಚೆಂಡುಹೂವು, ಮಧ್ಯದಲ್ಲಿ ಮಣೆಯ ಮೇಲೆ ನನ್ನ ಖುಕುರಿ, ಒರೆಯೊಳಗೆ. ಕುಂಬಳಕಾಯಿ ಒಡೆದು, ಮಂಡಕ್ಕಿ ಹಂಚಿ ಆಯಿತು. ಇಷ್ಟು ಜನ ಸಿಕ್ಕ ಮೇಲೆ ನಾನು ಬಿಡುತ್ತೇನಾ? ಭಾಷಣ ಶುರು ಮಾಡಿದೆ. ಕಮ್ಮಾರನ ಕೆಟಲ್ಲು ನನ್ನ ಬಾಯಲ್ಲಿ ಹಿಮಾಲಯದ ಮಂಜಿನ ನೀರಾಯಿತು. ಲಾರಿಯ ಸ್ಪ್ರಿಂಗು ನಮ್ಮ ಭದ್ರಾವತಿಯ ಉಕ್ಕೇ ಆಯಿತು, ನೇಪಾಳ ನೋಡಿಕೊಂಡು ತವರಿಗೆ ಬಂದಿದೆ ಅಂದೆ. ಎಲ್ಲರೂ ಹೋ ಅಂದರು. ಅಪ್ಪನೂ ತಲೆಯಾಡಿಸಿದರು.

"ಇದಕ್ಕೆ ಪ್ರಾಣ ಇರೋದು ಒಂದು ಕಡೆ. ಬುಡದಲ್ಲಿ ಒಂದು ಕಚ್ಚು ಇರುತ್ತೆ. ಶಿವನ ತ್ರಿಶೂಲ. ಅದಿಲ್ಲ ಅಂದ್ರೆ ಇದು ಮಚ್ಚು. ನೋಡಿ," ಅಂತ ಒರೆಯಿಂದ ಎಳೆದೆ.

ಕಚ್ಚು ಇರಲಿಲ್ಲ.

ಬುಡದಿಂದ ಅಲಗಿನ ಹೊಟ್ಟೆಯವರೆಗೆ ಬಾಯಿ ನುಣ್ಣಗೆ, ಒಂದೇ ಗೆರೆಯಾಗಿ ಇಳಿದಿತ್ತು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಅಲ್ಲೊಂದು ಮುಕ್ಕಾಗಿತ್ತು ಕಣೋ," ಅಂದರು ಅಪ್ಪ, ಖುಷಿಯಲ್ಲಿ. "ನಿನ್ನೆ ಮಧ್ಯಾಹ್ನ ಪೂರ್ತಿ ಈ ಗ್ರೈಂಡರ್ ಮುಂದೆ ಕೂತು ತೆಗ್ದೆ. ಬಿಸಿ ಏರ್ಬಾರ್ದು ಅಂತ ಎರಡೆರಡು ಸಲ ಉಜ್ಜಿ ನೀರಿಗೆ ಅದ್ದಿ, ಅದ್ದಿ... ಈಗ ನೋಡು."

ನಾನು ಸುಮ್ಮನಿರಬಹುದಿತ್ತು. "ಹೌದಪ್ಪ, ಚೆನ್ನಾಗಾಗಿದೆ," ಅನ್ನುವುದಕ್ಕೆ ಎರಡು ಸೆಕೆಂಡು ಸಾಕಾಗಿತ್ತು. ಆದರೆ ಏಳೆಂಟು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಅಪ್ಪಾ, ಅದು ಮುಕ್ಕಲ್ಲ, ಅದೇ ತ್ರಿಶೂಲ! ಗಣಪತಿ ವಿಗ್ರಹ ನೋಡಿ ಮೂಗು ಉದ್ದ ಆಯ್ತು ಅಂತ ಉಜ್ಜಿ ಸಮ ಮಾಡ್ದಂಗಾಯ್ತು!"

ಅಂಗಡಿಯ ತಗಡು ಹಾರುವ ಹಾಗೆ ನಕ್ಕರು. ಒಬ್ಬರ ಬಾಯಿಂದ ಮಂಡಕ್ಕಿ ಹಾರಿತು.

"ಇಪ್ಪತ್ತೆಂಟು ವರ್ಷ ಟೂಲ್ ರೂಮು ಸ್ವಾಮಿ!" ಅಂದರು ಒಬ್ಬರು.

"ರಾಜಣ್ಣ, ನನ್ ಲೇತಲ್ಲಿ ಎಷ್ಟೋ ತೂತು ಇದೆ, ಎಲ್ಲಾ ಮುಚ್ಚಿಬಿಡ್ಬೇಡಿ ಅಯ್ಯಾ!" ಅಂದರು ಸಣ್ಮುಗಂ ಮಾಮ, ಕಣ್ಣೊರೆಸಿಕೊಳ್ಳುತ್ತ.

ಅಪ್ಪನೂ ನಕ್ಕರು. ನಗುತ್ತಲೇ ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ಕೈಯಲ್ಲಿ ಕೊಳೆಯೇನೂ ಇರಲಿಲ್ಲ.

ಮಾರನೇ ದಿನ ಖಾಕಿ ಅಂಗಿ ಹಗ್ಗದ ಮೇಲೇ ಇತ್ತು. "ಕಣ್ಣು ಸರಿ ಕಾಣ್ತಿಲ್ಲ ಮಾರಾಯ್ತಿ, ಮಷೀನ್ ಹತ್ರ ಹೋಗೋದು ಬೇಡ," ಅಂತ ಅಮ್ಮನಿಗೆ ಹೇಳಿದರು. ನೆರೆಮನೆಯವರು ಕತ್ತರಿ ತಂದರೆ, "ಅಂಗಡೀಲಿ ಕೊಡಿ, ಚೆನ್ನಾಗಿ ಮಾಡ್ತಾರೆ," ಅನ್ನತೊಡಗಿದರು. ಸಣ್ಮುಗಂ ಮಾಮ ಎರಡು ಸಲ ಬಂದರು. ಎರಡು ಸಲವೂ ಅಪ್ಪ ಕಾಫಿ ಕೊಡಿಸಿ ಕಳಿಸಿದರು. ನನ್ನ ಮೇಲೆ ಒಂದು ಸಿಟ್ಟಿನ ಮಾತೂ ಇಲ್ಲ. ಬೈದಿದ್ದರೆ ಆ ಬೈಗುಳಕ್ಕೂ ರೆಕ್ಕೆ ಪುಕ್ಕ ಸೇರಿಸಿ ಕಾಲೇಜಿನಲ್ಲಿ ಹೇಳಿ ಹಗುರಾಗುತ್ತಿದ್ದೆ. ಅವರು ಅದಕ್ಕೂ ಅವಕಾಶ ಕೊಡಲಿಲ್ಲ.

ಒಂದು ವಾರದ ಮೇಲೆ ಖುಕುರಿಯನ್ನು ದಿಲ್ ಬಹದ್ದೂರನ ಗಾಡಿಗೆ ತೆಗೆದುಕೊಂಡು ಹೋದೆ. ಅವನು ಬೈಯುತ್ತಾನೆ ಅಂದುಕೊಂಡಿದ್ದೆ. ಬುಡ ನೋಡಿ ಮೊದಲು "ಅರೇ ರಾಮ್," ಅಂದ. ಆಮೇಲೆ ಒಲೆ ಸಣ್ಣ ಮಾಡಿ, ಅಲಗನ್ನು ಬಲ್ಬಿನ ಕೆಳಗೆ ಹಿಡಿದು, ಬಾಯಿಯ ಮೇಲೆ ಉಗುರಿಟ್ಟು ಉದ್ದಕ್ಕೂ ಸವರಿದ. ಗಿರಾಕಿಯೊಬ್ಬ "ಒಂದು ಗೋಬಿ" ಅಂದಿದ್ದು ಅವನಿಗೆ ಕೇಳಿಸಲಿಲ್ಲ.

"ಯಾರು ಮಾಡಿದ್ದು?"

"ನಮ್ಮಪ್ಪ. ಗೊತ್ತಿರ್ಲಿಲ್ಲ ಅವ್ರಿಗೆ."

"ಮಷೀನಲ್ಲಿ ಮಾಡಿದ್ದಾನೆ, ಆದ್ರೂ ಬಿಸಿ ಏರಿ ಎಲ್ಲೂ ನೀಲಿ ಆಗಿಲ್ಲ. ನಮ್ಮ ಊರಿನ ಕಮ್ಮಾರ ಇಂಥ ಧಾರ್ ಹಿಡಿಯಲ್ಲ. ಆ ಕೈಗೆ ನನ್ನ ನಮಸ್ತೆ ಹೇಳು." ಕೋಸಿನ ಒಂದು ಎಲೆಯನ್ನು ಮೇಲಿಂದ ಬಿಟ್ಟ. ಅದು ಅಲಗಿನ ಮೇಲೆ ಬಿದ್ದು ಎರಡಾಯಿತು.

ನಾನು ಮುಂದಿನ ಬಸ್ಸಿಗೇ ಓಡಿದೆ. ಅಪ್ಪ ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು. ಉಸಿರು ಬಿಡದೆ ಎಲ್ಲ ಹೇಳಿದೆ: ಉಗುರು, ಬಲ್ಬು, ನಮಸ್ತೆ, ಎರಡಾದ ಎಲೆ. ಅಪ್ಪ ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು.

"ಇದ್ರಲ್ಲಿ ನೀನು ಸೇರ್ಸಿದ್ದು ಎಷ್ಟು?"

"ದೇವರಾಣೆಗೂ ಒಂದಕ್ಷರ ಇಲ್ಲಪ್ಪ."

"ಎಲೆ?"

"ಎಲೆನೂ ನಿಜ."

ಅಪ್ಪ ನಕ್ಕರು, ಅಂಗಡಿಯಲ್ಲಿ ನಕ್ಕ ಹಾಗೆಯೇ. "ಕತೆ ಚೆನ್ನಾಗಿ ಹೇಳ್ತೀಯ ಬಿಡು," ಅಂದು ಕನ್ನಡಕ ಇಳಿಸಿ, ಪೇಪರ್ ತಿರುವಿದರು.